ಬಿಟ್ಟುಹೋದ ರಾತ್ರಿ ಮಾತ್ರೆ

ಪ್ರಶ್ನೆ: ಮುಂಬಯಿಯ ಭಾಂಡುಪ್‌ನ ಚಾಳಿನ ಒಂದೇ ಖೋಲಿಯಲ್ಲಿ ನಾವು ಐದು ಜನ ಇದ್ದೇವೆ. ತಮ್ಮನಿಗೆ 26 ವರ್ಷ, ಹದಿಮೂರರಿಂದ ಫಿಟ್ಸ್ (ಮೂರ್ಛೆ ರೋಗ) ಇದೆ. ಫೋರ್ಟ್‌ನ ಹೋಟೆಲಿನಲ್ಲಿ ಕೆಲಸ ಮಾಡಿ ಅಲ್ಲೇ ಮಲಗುತ್ತಿದ್ದ. 2020ರ ಈ ಕೊರೊನಾ ಲಾಕ್‌ಡೌನ್ ಆದಾಗಿನಿಂದ ನಮ್ಮ ಜೊತೆ ಇದ್ದಾನೆ. ಫಿಟ್ಸ್‌ಗೆ ಕಾರ್ಬಮಜೆಪಿನ್ ಸಿಆರ್ 400 ಮಾತ್ರೆ ದಿನಕ್ಕೆ ಎರಡು. ಪರೇಲ್‌ನ ದೊಡ್ಡಾಸ್ಪತ್ರೆಯಿಂದ ತಿಂಗಳಿಗೊಮ್ಮೆ ತರುತ್ತಿದ್ದ. ಲೋಕಲ್ ರೈಲು ನಿಂತ ಮೇಲೆ ಹೋಗಲಾಗಲಿಲ್ಲ, ಹತ್ತಿರದ ಮೆಡಿಕಲ್‌ನಿಂದ ತಂದೆವು. ಎರಡು ವರ್ಷದಿಂದ ಒಮ್ಮೆಯೂ ಬಂದಿರಲಿಲ್ಲ. ಕಳೆದ ವಾರ ಬೆಳಗಿನ ಜಾವ ನಾಲ್ಕೂವರೆಗೆ ನೀರು ಹಿಡಿಯಲು ಎದ್ದವನು ನಲ್ಲಿಯ ಹತ್ತಿರವೇ ಬಿದ್ದ. ನೆರೆಯವರು ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟರು, ಹಲ್ಲಿನ ನಡುವೆ ಚಮಚ ತುರುಕಿದರು. ಬಾಯಲ್ಲಿ ನೊರೆ ಬಂದದ್ದನ್ನು ನೋಡಿ ಈಗ ಕೊರೊನಾ ಅಂತ ದೂರ ನಿಲ್ಲುತ್ತಾರೆ. ಮೊನ್ನೆ ಅತ್ತುಕೊಂಡು ಒಪ್ಪಿಕೊಂಡ: ಹದಿನೆಂಟು ದಿನದಿಂದ ರಾತ್ರಿ ಮಾತ್ರೆ ತಗೊಂಡೇ ಇರಲಿಲ್ಲವಂತೆ, ಬೆಳಗ್ಗೆದೊಂದೇ. ಆಸ್ಪತ್ರೆಗೆ ಕರೆದೊಯ್ಯಲು ಭಯ. ಫಿಟ್ಸ್ ಇದ್ದವರಿಗೆ ಕೊರೊನಾ ಬೇಗ ತಗಲುತ್ತದೆಯೇ? ಊರಿಗೆ ಕಳಿಸಿಬಿಡಲೇ?

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಕೊನೆಗೆ ಬಂದಿದೆ, ಆ ರಾತ್ರಿ ಮಾತ್ರೆಯದು. ಅಲ್ಲಿಂದಲೇ ಶುರು ಮಾಡುತ್ತೇನೆ.

ಕಾರ್ಬಮಜೆಪಿನ್ ವರ್ಷಗಟ್ಟಲೆ ತೆಗೆದುಕೊಳ್ಳುವವರ ರಕ್ತದಲ್ಲಿ ಅದು ಸುಮಾರು 12ರಿಂದ 17 ಗಂಟೆಯೊಳಗೆ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ದಿನಕ್ಕೆ ಎರಡು ಸಲ. ನಿಮ್ಮ ಚಾಳಿನ ಮೇಲಿನ ಟಾಕಿಗೆ ಎರಡು ಹೊತ್ತು ನೀರು ಏರಿಸಿದರೆ ನಲ್ಲಿಯಲ್ಲಿ ದಿನವಿಡೀ ನೀರು ಇರುತ್ತದೆ, ಒಂದು ಹೊತ್ತು ಏರಿಸದಿದ್ದರೆ ಇನ್ನೊಂದು ಹೊತ್ತು ಬರುವಷ್ಟರಲ್ಲಿ ತಳ ಕಾಣುತ್ತದೆ. ನಿಮ್ಮ ತಮ್ಮ ಬೆಳಗ್ಗೆ ಎಂಟೂವರೆಗೆ ನಾಷ್ಟಾ ಆದ ಮೇಲೆ ಒಂದು ಮಾತ್ರೆ ನುಂಗಿದ ಅಂತ ಇಟ್ಟುಕೊಳ್ಳಿ. ಮರುದಿನ ನಾಲ್ಕೂವರೆ ಅಂದರೆ ಇಪ್ಪತ್ತು ಗಂಟೆ. ಔಷಧಿ ಇಳಿದಿದೆ, ಅದರ ಮೇಲೆ ನಿದ್ದೆ ಅರ್ಧಕ್ಕೆ ಮುರಿದಿದೆ. ಫಿಟ್ಸ್ ಬರಲು ಇದಕ್ಕಿಂತ ಹದವಾದ ಹೊತ್ತು ಇಲ್ಲ. ಅವನ ರೋಗ ಉಲ್ಬಣಿಸಿಲ್ಲ, ಮೆದುಳಿಗೆ ಹೊಸದೇನೂ ಆಗಿಲ್ಲ, ಕೊರೊನಾ ಅಂತೂ ಅಲ್ಲವೇ ಅಲ್ಲ. ಎರಡು ವರ್ಷ ಕಾಯ್ದ ಮಾತ್ರೆ ಮೊದಲಿನಂತೆ ಹೊಟ್ಟೆಗೆ ಬಿದ್ದರೆ ಮೊದಲಿನಂತೆಯೇ ಕಾಯುತ್ತದೆ ಎಂಬ ಭರವಸೆ ಇಟ್ಟುಕೊಳ್ಳಲು ಸಾಕಷ್ಟು ಕಾರಣವಿದೆ.

ಅವನನ್ನು ಬೈಯಬೇಡಿ. ಈ ಎರಡು ತಿಂಗಳಲ್ಲಿ ಫೋನಿನಲ್ಲಿ ನಾನು ಮಾತಾಡಿಸಿದ ಬಹಳ ಜನ ಇದೇ ಮಾಡಿದ್ದಾರೆ, ಮತ್ತು ಮಾಡಿದವರು ಬೇಜವಾಬ್ದಾರಿಯವರಲ್ಲ. ಸಂಬಳ ನಿಂತಿದೆ, ಅಕ್ಕನ ಮನೆಯ ಅನ್ನ ಉಣ್ಣುತ್ತಿದ್ದೇನೆ, ನನ್ನ ಮಾತ್ರೆಗೆ ಇವರು ದುಡ್ಡು ಹಾಕಬಾರದು ಎನ್ನುವ ಸಂಕೋಚ ಅದು. ಕಳೆದ ತಿಂಗಳು ಡೊಂಬಿವಲಿಯ ಒಬ್ಬ ತಾಯಿ ವೀಡಿಯೊ ಕಾಲ್‌ನಲ್ಲಿ ಮಗನ ಮಾತ್ರೆ ಡಬ್ಬಿಯನ್ನು ನೆಲಕ್ಕೆ ಹಾಸಿದ ಪೇಪರಿನ ಮೇಲೆ ಸುರಿದರು. ಇರಬೇಕಾದದ್ದು ಎಂಟು, ಇದ್ದದ್ದು ಇಪ್ಪತ್ತಮೂರು. ತಾಯಿ ಮೊದಲು ಖುಷಿಪಟ್ಟರು, ‘ಇನ್ನೂ ಇಷ್ಟಿದೆಯಲ್ಲ ಡಾಕ್ಟ್ರೇ’ ಅಂದರು. ಹುಡುಗ ಹಿಂದೆ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಉಳಿದ ಆ ಹದಿನೈದು ಮಾತ್ರೆಗಳನ್ನು ಕಂಡು ನನ್ನ ಎದೆ ಧಸಕ್ಕೆಂದಿತು.

ಇದರಲ್ಲಿ ನಮ್ಮ ಪಾಲಿನ ತಪ್ಪೂ ಇದೆ. ಮಾರ್ಚ್ ಮೊದಲ ಎರಡು ವಾರ ಓಪಿಡಿಯಲ್ಲಿ ಕೂತು ನಾನು ರೂಢಿಯಂತೆ ಮೂವತ್ತು ದಿನ, ಮೂವತ್ತು ದಿನ ಅಂತಲೇ ಬರೆಯುತ್ತಾ ಹೋದೆ. ಚೀನಾ, ಇಟಲಿಯ ಸುದ್ದಿ ದಿನವೂ ಓದುತ್ತಿದ್ದೆ. ಮೂರು ತಿಂಗಳಿಗೆ ಬರೆದುಕೊಟ್ಟಿದ್ದರೆ ಎಷ್ಟೋ ಮನೆಗಳಲ್ಲಿ ಈ ಲೆಕ್ಕಾಚಾರವೇ ಬರುತ್ತಿರಲಿಲ್ಲ. ಈಗ ಕೇಳಿದವರಿಗೆಲ್ಲ ಮೂರು ತಿಂಗಳಿಗೆ ಬರೆಯುತ್ತಿದ್ದೇನೆ. ನಿಮ್ಮ ವೈದ್ಯರ ಹತ್ತಿರವೂ ಬಾಯಿಬಿಟ್ಟು ಕೇಳಿ.

ಇನ್ನು ಮಾಡಬೇಕಾದದ್ದು. ಇವತ್ತು ರಾತ್ರಿಯೇ ಮಾತ್ರೆ ಎಣಿಸಿ, ಎಷ್ಟು ದಿನಕ್ಕೆ ಬರುತ್ತದೆ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮುಗಿಯಲು ಹತ್ತು ದಿನ ಇರುವಾಗಲೇ ಓಡಾಟ ಶುರುವಾಗಬೇಕು, ಕೊನೆಯ ಸ್ಟ್ರಿಪ್ ಕೈಗೆ ಬಂದಾಗ ಅಲ್ಲ. ಪರೇಲ್‌ಗೆ ಅವನೇ ಹೋಗಬೇಕಾಗಿಲ್ಲ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ನಿಯಮದ ಪ್ರಕಾರ ವೈದ್ಯರು ಫೋನಿನಲ್ಲಿ ಅಥವಾ ವೀಡಿಯೊದಲ್ಲಿ ಮಾತಾಡಿ, ಸಹಿ ಮಾಡಿದ ಚೀಟಿಯ ಫೋಟೊವನ್ನು ವಾಟ್ಸಾಪಿನಲ್ಲಿ ಕಳಿಸಬಹುದು. ಮೆಡಿಕಲ್‌ನವರು ಮುಖ ಸೊಟ್ಟ ಮಾಡಿದರೆ ಇದನ್ನು ಹೇಳಿ. ಔಷಧಿ ಅಂಗಡಿಗಳಿಗೆ ಲಾಕ್‌ಡೌನ್ ಇಲ್ಲ. ಹಳೆಯ ಕೇಸ್ ಪೇಪರ್ ಹಿಡಿದು ಹತ್ತಿರದ ಪಾಲಿಕೆ ಆಸ್ಪತ್ರೆಯಲ್ಲೂ ವಿಚಾರಿಸಿ. ದುಡ್ಡಿನ ತೊಂದರೆ ಇದ್ದರೆ ಜನೌಷಧಿ ಕೇಂದ್ರದಲ್ಲಿ ಕೇಳಿ. ಕಾರ್ಬಮಜೆಪಿನ್ ಅತ್ಯವಶ್ಯಕ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಹಳೆಯ ಔಷಧಿ, ದುಬಾರಿಯದಲ್ಲ.

ಯಾವಾಗಲೂ ಸಿಗುವ ಕಂಪನಿಯದು ಸಿಗದಿದ್ದರೆ? ಸ್ಟ್ರಿಪ್ಪಿನ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು, ಅದರ ಕೆಳಗೆ ಸಣ್ಣಕ್ಷರದಲ್ಲಿರುವುದು ಔಷಧಿಯ ಹೆಸರು. ನೀವು ಸಣ್ಣಕ್ಷರ ಓದಿ. ಕಾರ್ಬಮಜೆಪಿನ್ ಅಂತಲೇ ಇರಬೇಕು, ಮುಂದೆ ‘ಆಕ್ಸ್’ ಸೇರಿದ್ದರೆ ಅದು ಆಕ್ಸ್‌ಕಾರ್ಬಜೆಪಿನ್. ಅಣ್ಣತಮ್ಮಂದಿರಂಥ ಔಷಧಿಗಳೇ ಆದರೂ ಮಿಲಿಗ್ರಾಂ ಲೆಕ್ಕ ಬೇರೆ, ಒಂದರ ಬದಲು ಇನ್ನೊಂದನ್ನು ನುಂಗುವಂತಿಲ್ಲ. ಸಿಆರ್ ಅಂತ ಇರಬೇಕು, ಅಂದರೆ ನಿಧಾನವಾಗಿ ಬಿಡುಗಡೆಯಾಗುವಂಥದ್ದು. ಅದನ್ನು ಕುಟ್ಟಿ ಪುಡಿ ಮಾಡಬಾರದು, ಅಗಿಯಬಾರದು. ಇವೆಲ್ಲ ಸರಿಯಿದ್ದು ಕಂಪನಿ ಮಾತ್ರ ಬೇರೆ ಆದರೆ ಈ ಕಾಲದಲ್ಲಿ ತೆಗೆದುಕೊಳ್ಳಿ. ಕಂಪನಿ ಬದಲಿಸದಿರುವುದೇ ಒಳ್ಳೆಯದು ಅಂತ ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ, ಆದರೆ ಬೇರೆ ಕಂಪನಿಯ ಮಾತ್ರೆಗಿಂತ ಮಾತ್ರೆಯಿಲ್ಲದ ರಾತ್ರಿ ಎಷ್ಟೋ ಪಾಲು ಅಪಾಯ.

ಹದಿನೆಂಟು ದಿನ ಅರ್ಧಕ್ಕೆ ಇದ್ದವನು ಪೂರ್ತಿ ಡೋಸಿಗೆ ಹೇಗೆ ಮರಳಬೇಕು ಅನ್ನುವುದನ್ನು ಅವನ ವೈದ್ಯರಿಗೆ ಫೋನ್ ಮಾಡಿಯೇ ತೀರ್ಮಾನಿಸಿ, ನಾಳೆ ಬೆಳಗ್ಗೆಯೇ. ಮರಳಿದ ಮೊದಲ ಕೆಲವು ದಿನ ತಲೆ ತಿರುಗಬಹುದು, ಒಂದು ವಸ್ತು ಎರಡಾಗಿ ಕಾಣಬಹುದು, ಕಂಡರೆ ಅವರಿಗೆ ತಿಳಿಸಿ. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಲಿ. ಮುಂದಿನದರ ಹೊತ್ತೇ ಬಂದಿದ್ದರೆ ಎರಡು ಒಟ್ಟಿಗೆ ಬೇಡ. ಬೇರೆ ಔಷಧಿಯಲ್ಲಿರುವ ಓದುಗರಿಗೂ ಎರಡು ಮಾತು: ಕ್ಲೋಬಜಾಮ್, ಫಿನೋಬಾರ್ಬಿಟೋನ್ ಹಠಾತ್ತನೆ ನಿಂತರೆ ಫಿಟ್ಸ್ ಒಂದರ ಹಿಂದೊಂದು ಬರುವ ಭಯವಿದೆ. ಲ್ಯಾಮೋಟ್ರಿಜಿನ್ ಐದಾರು ದಿನ ಪೂರ್ತಿ ತಪ್ಪಿದ್ದರೆ ಹಳೆಯ ಡೋಸನ್ನು ನೀವಾಗಿಯೇ ಮತ್ತೆ ಶುರು ಮಾಡಬೇಡಿ, ಮೈಯೆಲ್ಲ ಗಂಭೀರವಾದ ಬೊಕ್ಕೆ ಏಳಬಹುದು. ಅದನ್ನು ಕೆಳಗಿನಿಂದ ಮೆಲ್ಲಗೆ ಏರಿಸಿಕೊಂಡು ಬರಬೇಕು.

ಮುಂಬಯಿ ಮಳೆ ಬಾಗಿಲಲ್ಲಿದೆ, ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕಾರ್ಬಮಜೆಪಿನ್ ಮಾತ್ರೆ ತೇವ ಹೀರಿಕೊಂಡರೆ ಗಟ್ಟಿಯಾಗಿ ಅದರ ಶಕ್ತಿ ಮೂರನೇ ಒಂದು ಪಾಲಿನಷ್ಟು ಕಡಿಮೆಯಾಗಬಹುದು. ವಾಲ್ಪ್ರೋಯೇಟ್ ಎಂಬ ಇನ್ನೊಂದು ಫಿಟ್ಸ್ ಮಾತ್ರೆ ಕೂಡ ತೇವ ಎಳೆದುಕೊಳ್ಳುವಂಥದ್ದು. ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ತುಂಬಿಡುವ ಅಭ್ಯಾಸ ಬೇಡ, ನುಂಗುವ ಹೊತ್ತಿಗೆ ಒಡೆದರೆ ಸಾಕು. ಒಲೆಯ ಪಕ್ಕ, ಮೋರಿಯ ಮೇಲಿನ ಶೆಲ್ಫು, ಸೋರುವ ಗೋಡೆಯ ಗೂಡು, ಇವು ಮೂರೂ ಮಾತ್ರೆಗೆ ಜಾಗವಲ್ಲ. ಬಟ್ಟೆ ಟ್ರಂಕಿನಲ್ಲಿ ಮುಚ್ಚಳ ಬಿಗಿಯಿರುವ ಸ್ಟೀಲ್ ಡಬ್ಬಿಯಲ್ಲಿಡಿ.

ನಿದ್ದೆಯ ವಿಷಯಕ್ಕೆ ಬರುತ್ತೇನೆ. ನನ್ನ ಲೆಕ್ಕದಲ್ಲಿ ಮಾತ್ರೆ ಬಿಟ್ಟರೆ ಮುಂದಿನ ಸ್ಥಾನ ಇದಕ್ಕೇ. ಹೋಟೆಲಿನಲ್ಲಿ ಎಷ್ಟೇ ಕಷ್ಟವಿದ್ದರೂ ಮಲಗುವ ಏಳುವ ಹೊತ್ತು ನಿಗದಿಯಾಗಿತ್ತು. ಈಗ ಐದು ಜನ ಒಂದೇ ಖೋಲಿಯಲ್ಲಿ. ಮಕ್ಕಳು ಹನ್ನೊಂದಕ್ಕೆ ಮಲಗಿದರೆ ದೊಡ್ಡವರ ಟೀವಿ, ಅದು ಆರಿದ ಮೇಲೆ ಫೋನು, ಹೋಟೆಲ್ ಎಂದು ತೆರೆಯುತ್ತದೋ ಎನ್ನುವ ಯೋಚನೆಯಲ್ಲಿ ಎರಡು ಗಂಟೆಯವರೆಗೆ ಹೊರಳಾಟ, ನಾಲ್ಕೂವರೆಗೆ ನೀರು. ಟೀವಿ, ಫೋನಿನ ಬೆಳಕೇ ಫಿಟ್ಸ್ ತರುತ್ತದೆ ಅಂತ ಜನ ಹೆದರುತ್ತಾರೆ. ಮಿನುಗುವ ಬೆಳಕಿಗೆ ಫಿಟ್ಸ್ ಬರುವವರು ನೂರಕ್ಕೆ ಮೂರರಿಂದ ಐದು ಜನ ಮಾತ್ರ. ಉಳಿದವರಿಗೆ ಫೋನು ಮಾಡುವ ಕೇಡೆಂದರೆ ಅದು ನಿದ್ದೆ ಕದಿಯುವುದು. ನೀರು ಹಿಡಿಯುವ ಕೆಲಸದಿಂದ ಅವನನ್ನು ಬಿಡಿಸಿ. ಕೂತು ಉಣ್ಣುತ್ತೇನೆ ಎನ್ನುವ ಮುಜುಗರ ಅವನಿಗಿದ್ದರೆ ಹಗಲಿನ ಕೆಲಸ ಕೊಡಿ: ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು, ಮಕ್ಕಳ ಪಾಠ. ಕುಡಿಯುವ ಅಭ್ಯಾಸ ಅವನಿಗಿದೆಯೋ ಇಲ್ಲವೋ ನೀವು ಬರೆದಿಲ್ಲ, ಇದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಲಿ. ದಿನಾ ಕುಡಿಯುತ್ತಿದ್ದವರಿಗೆ ಒಮ್ಮೆಲೇ ನಿಂತರೂ ಫಿಟ್ಸ್ ಬರುತ್ತದೆ.

ಮತ್ತೆ ಬಂದರೆ ಏನು ಮಾಡಬೇಕು ಅನ್ನುವುದನ್ನು ಮನೆಯ ಐವರೂ, ಸಾಧ್ಯವಾದರೆ ಪಕ್ಕದ ಖೋಲಿಯವರೂ ತಿಳಿದಿರಲಿ. ಮೊದಲು ಗಡಿಯಾರ ನೋಡಿ. ಮುಖದ ಮಾಸ್ಕು ತೆಗೆಯಿರಿ, ಕುತ್ತಿಗೆಯ ಗುಂಡಿ ಸಡಿಲಿಸಿ. ಅಕ್ಕಪಕ್ಕದ ಸ್ಟವ್, ಬಾಲ್ದಿ, ಸ್ಟೂಲು ಸರಿಸಿ ತಲೆಯ ಕೆಳಗೆ ಮಡಚಿದ ಚಾದರ ಇಡಿ. ಒಂದು ಮಗ್ಗುಲಿಗೆ ಹೊರಳಿಸಿದರೆ ನೊರೆ ತಾನಾಗಿ ಹೊರಗೆ ಹರಿಯುತ್ತದೆ. ಕೈಕಾಲು ಒತ್ತಿ ಹಿಡಿಯಬೇಡಿ. ಬಾಯಿಗೆ ಚಮಚ, ಬಟ್ಟೆ, ನೀರು, ಏನೂ ಬೇಡ. ನಾಲಗೆ ನುಂಗಿಬಿಡುತ್ತಾರೆ ಎನ್ನುವುದು ಸುಳ್ಳು, ಚಮಚಕ್ಕೆ ಹಲ್ಲು ಮುರಿದು ಶ್ವಾಸಕೋಶಕ್ಕೆ ಇಳಿಯುವುದು ನಿಜ. ಕಬ್ಬಿಣದ ಬೀಗದ ಕೈ, ಈರುಳ್ಳಿ, ಚಪ್ಪಲಿ ಇವುಗಳಿಂದ ಫಿಟ್ಸ್ ನಿಲ್ಲುವುದಿಲ್ಲ. ಒಂದೆರಡು ನಿಮಿಷಕ್ಕೆ ಅದು ತಾನೇ ನಿಲ್ಲುತ್ತದೆ, ಅಷ್ಟರಲ್ಲಿ ಕೈಯಲ್ಲಿದ್ದದ್ದಕ್ಕೆ ಹೆಸರು ಬರುತ್ತದೆ. ನೆರೆಯವರು ಒಳ್ಳೆಯ ಮನಸ್ಸಿನಿಂದಲೇ ಓಡಿ ಬಂದಿದ್ದಾರೆ, ಅದನ್ನು ನೆನೆದೇ ಅವರಿಗೆ ಹೇಳಿಕೊಡಿ. ಎಚ್ಚರವಾದ ಮೇಲೆ ಗಲಿಬಿಲಿ, ನಿದ್ದೆ ಸಹಜ. ಮಲಗಲು ಬಿಡಿ, ಪೂರ್ತಿ ಎಚ್ಚರವಾಗುವವರೆಗೆ ಪಕ್ಕದಲ್ಲಿರಿ.

ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಎರಡನೆಯದು ಬಂದರೆ, ತಲೆಗೆ ಪೆಟ್ಟಾಗಿದ್ದರೆ, ನಿಂತ ಮೇಲೂ ಉಸಿರಾಟ ಸರಿಹೋಗದಿದ್ದರೆ 108ಕ್ಕೆ ಫೋನ್ ಮಾಡಿ, ಕೊರೊನಾ ಭಯವನ್ನು ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೋಗಿ. ಹಾಗೆಯೇ ಜ್ವರದ ಜೊತೆ ಫಿಟ್ಸ್ ಬಂದರೆ, ಜೀವನದಲ್ಲಿ ಮೊದಲ ಸಲ ಯಾರಿಗೇ ಬಂದರೂ ಮನೆಯಲ್ಲಿ ಕಾಯಬಾರದು. ಹಳೆಯ ರೋಗಿ, ಎರಡು ನಿಮಿಷದಲ್ಲಿ ನಿಂತಿತು, ಎದ್ದು ಮಾತಾಡಿದ ಅಂತಾದರೆ ಕ್ಯಾಜುವಲ್ಟಿಗೆ ಓಡಬೇಕಿಲ್ಲ, ವೈದ್ಯರಿಗೆ ಫೋನ್ ಮಾಡಿದರೆ ಸಾಕು. ಫಿಟ್ಸ್ ನಿಲ್ಲಿಸಲು ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಸ್ಪ್ರೇ ಒಂದನ್ನು ಬರೆದುಕೊಡಲು ಕೇಳಿ. ಎಷ್ಟು ಸಲ ಒತ್ತಬೇಕು ಅನ್ನುವುದು ರೋಗಿಯ ತೂಕದ ಮೇಲೆ, ಅದನ್ನು ಬಾಟಲಿಯ ಮೇಲೆಯೇ ಪೆನ್ನಿನಿಂದ ಬರೆದು ಅಂಟಿಸಿಡಿ. ಆ ಗಾಬರಿಯಲ್ಲಿ ಚೀಟಿ ಹುಡುಕಲಾಗುವುದಿಲ್ಲ.

ಚಾಳಿನ ಮನೆಗೆಂದೇ ಕೆಲವು ಮಾತು. ಅಟ್ಟದ ಮೇಲೆ ಅವನು ಮಲಗಬಾರದು, ಏಣಿಯ ಸಹವಾಸ ಬೇಡ. ಸಾರ್ವಜನಿಕ ಸಂಡಾಸಿಗೆ ಹೋದಾಗ ಒಳಗಿನ ಕಡಿ (ಚಿಲಕ) ಹಾಕದೆ ಬಾಗಿಲು ಎಳೆದುಕೊಳ್ಳಲಿ, ಭಾವನೋ ಮಕ್ಕಳೋ ಹೊರಗೆ ನಿಂತಿರಲಿ. ಕಡಿ ಹಾಕಿದ ಬಾಗಿಲು ಒಡೆಯುವಷ್ಟರಲ್ಲಿ ಕಳೆದ ನಿಮಿಷಗಳ ಕಥೆ ನಾನು ಕೇಳಿದ್ದೇನೆ. ತುಂಬಿದ ಪೀಪಾಯಿಯ ಹತ್ತಿರ ಒಬ್ಬನೇ ಬಗ್ಗುವುದು ಬೇಡ, ಸ್ನಾನ ಕೂತು, ತಂಬಿಗೆಯಿಂದ. ಇಕ್ಕಟ್ಟಿನ ಬಗ್ಗೆ ನೀವು ಬೇಸರದಿಂದ ಬರೆದಿದ್ದೀರಿ. ಆದರೆ ಮೂರ್ಛೆ ರೋಗದವರಿಗೆ ರಾತ್ರಿ ಪಕ್ಕದಲ್ಲಿ ಇನ್ನೊಬ್ಬರ ಉಸಿರು ಇರುವುದು ದೊಡ್ಡ ಕಾವಲು. ಮೂರು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ಮಲಗುವ ರೋಗಿಗಳ ಬಗ್ಗೆ ನನಗೆ ಹೆಚ್ಚು ಚಿಂತೆ.

ಕೊರೊನಾ ಪ್ರಶ್ನೆಗೆ ಉತ್ತರ: ಫಿಟ್ಸ್ ಇದೆ ಎಂದ ಮಾತ್ರಕ್ಕೆ ಅದು ಬೇಗ ತಗಲುವುದಿಲ್ಲ. ಕಾರ್ಬಮಜೆಪಿನ್‌ನಂಥ ಸಾಮಾನ್ಯ ಮಾತ್ರೆಗಳಿಂದ ರೋಗ ನಿರೋಧಕ ಶಕ್ತಿ ಕುಗ್ಗುತ್ತದೆ ಎಂದು ಹೆದರಬೇಕಾಗಿಲ್ಲ. ಸ್ಟಿರಾಯ್ಡ್‌ನಂಥ ಔಷಧಿಯಲ್ಲಿರುವ ಕೆಲವರ ಮಾತು ಬೇರೆ. ನೊರೆ ಅಂದರೆ ನುಂಗಲಾಗದೆ ಹೊರಬಂದ ಎಂಜಲು, ಅಷ್ಟೇ. ಫಿಟ್ಸ್ ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಬಟ್ಟೆಯಲ್ಲಿ ಒರೆಸಿ ಸೋಪಿನಿಂದ ಕೈ ತೊಳೆದರೆ ಸಾಕು. ಆದರೆ ಯಾವ ಜ್ವರ ಬಂದರೂ ಫಿಟ್ಸ್ ಕೆರಳಬಹುದು, ಆದ್ದರಿಂದ ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡಿ, ಫಿಟ್ಸ್ ಮಾತ್ರೆ ಒಂದೂ ತಪ್ಪಿಸಬೇಡಿ. ಯಾವ ವೈದ್ಯರ ಹತ್ತಿರ ಹೋದರೂ ‘ಕಾರ್ಬಮಜೆಪಿನ್ ನಡೆಯುತ್ತಿದೆ’ ಎನ್ನುವುದೇ ಮೊದಲ ಮಾತಾಗಲಿ. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟರೆ ಕಾರ್ಬಮಜೆಪಿನ್ ಮಟ್ಟ ರಕ್ತದಲ್ಲಿ ಏರಿ ತಲೆಸುತ್ತು ಬರುತ್ತದೆ. ಟ್ರಮಡಾಲ್ ಎಂಬ ನೋವಿನ ಮಾತ್ರೆ, ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಆ್ಯಂಟಿಬಯೋಟಿಕ್ ಫಿಟ್ಸ್ ತರಬಹುದು. ಕೊರೊನಾಕ್ಕೆ ಔಷಧಿ ಅಂತ ಈಗ ಎಲ್ಲರ ಬಾಯಲ್ಲಿರುವ ಹೈಡ್ರಾಕ್ಸಿಕ್ಲೋರೊಕ್ವಿನ್ ಅನ್ನು ಯಾರದೋ ಮಾತು ಕೇಳಿ ನುಂಗಿಸಬೇಡಿ, ಮೂರ್ಛೆ ರೋಗದವರಿಗೆ ಎಚ್ಚರಿಕೆ ಅಂತ ಆ ಔಷಧಿಯ ಕಾಗದದಲ್ಲೇ ಇದೆ.

ಇನ್ನೊಂದನ್ನು ನೀವು ಕೇಳಿಲ್ಲ, ಆದರೆ ನಮ್ಮ ಮನೆಗಳಲ್ಲಿ ಈಗ ದಿನವೂ ನಡೆಯುತ್ತಿದೆ: ಬಿಸಿನೀರಿನ ಹಬೆಗೆ ನೀಲಗಿರಿ ಎಣ್ಣೆ, ಕರವಸ್ತ್ರದಲ್ಲಿ ಕರ್ಪೂರದ ಗಂಟು, ಮೂಗಿಗೆ ಎದೆಗೆ ಮುಲಾಮು. ಕರ್ಪೂರ ಮತ್ತು ನೀಲಗಿರಿ ಎರಡೂ ಮೆದುಳನ್ನು ಕೆರಳಿಸುವ ಗುಣದವು. ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ನರರೋಗ ತಜ್ಞರು, ನೀಲಗಿರಿ ಎಣ್ಣೆ ಮೂಸಿದ್ದರಿಂದಲೇ ಫಿಟ್ಸ್ ಬಂದ ರೋಗಿಗಳ ಬಗ್ಗೆ ಲಾಕ್‌ಡೌನಿಗೆ ಮೊದಲೇ ಬರೆದಿದ್ದಾರೆ. ಹಬೆ ಬೇಕಾದರೆ ಬರೀ ನೀರಿನದು ತೆಗೆದುಕೊಳ್ಳಲಿ. ಆ ಎಣ್ಣೆಯ ಬಾಟಲಿ ಅವನ ಹತ್ತಿರ ಸುಳಿಯುವುದೇ ಬೇಡ.

ಊರಿಗೆ ಕಳಿಸುವ ಮಾತು. ಈ ತಿಂಗಳು ಬೇಡ ಎನ್ನುತ್ತೇನೆ. ಕರ್ನಾಟಕ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ, ಪಾಸಿಗಾಗಿ ಕಾಯುವುದು, ನಿದ್ದೆಯಿಲ್ಲದ ಪ್ರಯಾಣ, ಆಮೇಲೆ ಗುರುತಿಲ್ಲದ ಜಾಗದಲ್ಲಿ ಕ್ವಾರಂಟೈನ್. ಈಗಷ್ಟೇ ಫಿಟ್ಸ್ ಬಂದವನಿಗೆ ಇದು ಹೊರೆ. ಹೋಗಲೇಬೇಕಾದರೆ ಮಾತ್ರೆ ಸರಿಯಾಗಿ ನಡೆದು ಕೆಲವು ವಾರ ಆಗಲಿ. ಒಬ್ಬನೇ ಹೋಗುವುದು ಬೇಡ. ಒಂದು ತಿಂಗಳ ಮಾತ್ರೆ ಮೈಮೇಲಿನ ಚೀಲದಲ್ಲಿರಲಿ, ಬಸ್ಸಿನ ಡಿಕ್ಕಿಗೆ ಹಾಕುವ ಪೆಟ್ಟಿಗೆಯಲ್ಲಿ ಅಲ್ಲ. ಚೀಟಿಯ ಫೋಟೊ ಫೋನಿನಲ್ಲಿರಲಿ. ಕ್ವಾರಂಟೈನ್ ಕೇಂದ್ರ ಮುಟ್ಟಿದ ಕೂಡಲೇ ಅಲ್ಲಿನ ಆರೋಗ್ಯ ಸಿಬ್ಬಂದಿಗೂ ಪಕ್ಕದ ಹಾಸಿಗೆಯವರಿಗೂ ತನಗೆ ಫಿಟ್ಸ್ ಇದೆ ಅಂತ ಹೇಳಲಿ. ಅಲ್ಲಿ ಮುಚ್ಚಿಟ್ಟರೆ ಮತ್ತೆ ಚಮಚವೇ ಗತಿ.

ಈಗ ನಿಮ್ಮ ತಮ್ಮನ ಹತ್ತಿರ ಎರಡು ಮಾತು, ಓದಿ ಹೇಳಿ. ತಮ್ಮಾ, ಹೋಟೆಲ್ ತೆರೆದ ಮೇಲೆ ಮಾಲೀಕರಿಗೆ ಹೇಳುವುದೋ ಬೇಡವೋ ಅಂತ ನೀನು ಈಗಲೇ ಯೋಚಿಸುತ್ತಿರುತ್ತೀ. ಮುಚ್ಚಿಡುವ ಅಭ್ಯಾಸ ನಿನ್ನಿಂದ ಶುರುವಾದದ್ದಲ್ಲ. ಮದುವೆಯ ಕಾನೂನಿನಲ್ಲೇ 1999ರವರೆಗೆ ಈ ರೋಗಕ್ಕೆ ಅಡ್ಡಿಯಿತ್ತು, ಆಮೇಲೆ ತೆಗೆದರು. ಜನರ ಮನಸ್ಸಿನಿಂದ ಇನ್ನೂ ಹೋಗಿಲ್ಲ, ಬಲ್ಲೆ. ಮಾಲೀಕರಿಗೆ ಹೇಳುವ ದಿನ ಬಂದಾಗ ಬಿಸಿ ಎಣ್ಣೆಯ ಬಾಣಲೆಯ ಮುಂದೆ ನಿಲ್ಲುವ ಕೆಲಸ ಬೇಡ, ಗಲ್ಲಾನೋ ಪಾರ್ಸೆಲ್ಲೋ ಕೊಡಿ ಅಂತ ಕೇಳು, ನಿನ್ನ ವೈದ್ಯರಿಂದ ಒಂದು ಕಾಗದ ತೆಗೆದುಕೋ. ಅದು ಆಮೇಲಿನ ಮಾತು. ಅಕ್ಕನಿಗೆ ನೀನು ಉಳಿಸಿದ್ದು ದಿನಕ್ಕೊಂದು ಮಾತ್ರೆಯ ದುಡ್ಡು. ನಲ್ಲಿಯ ಕಟ್ಟೆಗೆ ತಲೆ ಬಡಿದಿದ್ದರೆ ಅವಳು ಏನೆಲ್ಲ ತೆರಬೇಕಾಗುತ್ತಿತ್ತು ಅಂತ ನಿನಗೇ ಗೊತ್ತು. ನೀರು ಹಿಡಿಯುವುದನ್ನು ಭಾವನಿಗೆ ಬಿಡು. ನಾಳೆ ಬೆಳಗ್ಗೆ ಫೋನ್ ಮಾಡುವುದು ಅಕ್ಕ ಅಲ್ಲ, ನೀನೇ ಮಾಡು, ಹದಿನೆಂಟು ದಿನದ ವಿಷಯ ನಿನ್ನ ಬಾಯಿಂದಲೇ ಹೇಳು. ನಮ್ಮಲ್ಲಿ ಯಾರೂ ಬೈಯುವುದಿಲ್ಲ.